ವಾಸಂತಿಯವರ ಯಜಮಾನರು ಗುರುಗಳಾದದ್ದು

ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನ ಪವರ್ ಪ್ಲಾಂಟಿನಲ್ಲಿ ಇಪ್ಪತ್ತು ವರ್ಷ ಬಾಯ್ಲರ್ ಕಾದ ಎಂಜಿನಿಯರ್ ನಿರಂಜನನಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಕೊರಗು. ಅವನ ಷಡ್ಡಕ ದಕ್ಷಿಣಾಮೂರ್ತಿ, ಅಂದರೆ ಹೆಂಡತಿ ವಾಸಂತಿಯ ಅಕ್ಕನ ಗಂಡ, ಒಂದು ಸಲವಾದರೂ ಅವನನ್ನು ಹೆಸರು ಹಿಡಿದು ಯಾರಿಗೂ ಪರಿಚಯ ಮಾಡಿಕೊಟ್ಟಿರಲಿಲ್ಲ.

ದಕ್ಷಿಣಾಮೂರ್ತಿ ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಮೆಣಸಿನಕಾಯಿಯ ಸಗಟು ವ್ಯಾಪಾರಿ. ತಾಯಿಯ ಕಡೆಯಿಂದ ಕನ್ನಡ, ತಂದೆಯ ಕಡೆಯಿಂದ ತೆಲುಗು, ಇಬ್ಬರ ಕಡೆಯಿಂದಲೂ ದೊಡ್ಡ ಗಂಟಲು. ಮದುವೆ ಮುಂಜಿಗಳಲ್ಲಿ ನಾಲ್ಕು ಜನ ಸೇರಿದರೆ ಸಾಕು, ನಿರಂಜನನ ಹೆಗಲ ಮೇಲೆ ಕೈ ಹಾಕಿ, "ಈಯನ ನಮ್ಮ ವಾಸಂತಿ ಯಜಮಾನರು ಅಂಡಿ" ಎಂದು ಹೇಳಿ ಮೆಣಸಿನಕಾಯಿಯ ರೇಟಿಗೆ ಹೋಗಿಬಿಡುತ್ತಿದ್ದರು. ಒಮ್ಮೆ ಒಂದು ಗೃಹಪ್ರವೇಶದಲ್ಲಿ ಯಾರೋ ಪುಣ್ಯಾತ್ಮರು "ಹೆಸರೇನಂಡಿ?" ಎಂದು ಕೇಳಿಯೇಬಿಟ್ಟರು. ದಕ್ಷಿಣಾಮೂರ್ತಿ ಚಾವಣಿ ನೋಡಿದರು, ನೆಲ ನೋಡಿದರು, ಕೊನೆಗೆ ನಿರಂಜನನನ್ನೇ ನೋಡಿ, "ಏನಯ್ಯಾ, ನಿನ್ನ ಹೆಸರು ಹೇಳು ಅವರಿಗೆ" ಎಂದರು.

ಆ ಸಂಜೆ ನಿರಂಜನ ಊಟ ಮಾಡಲಿಲ್ಲ.

"ನೀವು ನನ್ನ ಯಜಮಾನ್ರಲ್ವಾ? ಭಾವ ಏನು ಸುಳ್ಳು ಹೇಳಿದ್ರು?" ಎಂದಳು ವಾಸಂತಿ.

"ಸುಳ್ಳಲ್ಲ ಕಣೇ. ಆದ್ರೆ ನನಗೂ ಒಂದು ಹೆಸರಿದೆ. ನಮ್ಮಪ್ಪ ಮಂಡ್ಯದಿಂದ ಶ್ರೀರಂಗಪಟ್ಟಣದವರೆಗೂ ನಡ್ಕೊಂಡು ಹೋಗಿ, ಜೋಯಿಸರನ್ನ ಕೇಳಿ ಇಟ್ಟ ಹೆಸರು. ಅದು ಹಾಗೇ ಹೊಸದಾಗಿ ಇಟ್ಟಲ್ಲೇ ಇದೆ."

ತಪ್ಪು ವಾಸಂತಿಯದೂ ಅಲ್ಲ. ಅವಳು ಪ್ಲಾಂಟಿನ ಟೌನ್‌ಶಿಪ್ಪಿನ ಮನೆಯಲ್ಲೇ ಗಣಿತದ ಟ್ಯೂಷನ್ ನಡೆಸುತ್ತಿದ್ದಳು. ಕೊಂಡಪಲ್ಲಿಯಿಂದ ಇಬ್ರಾಹಿಂಪಟ್ನಂವರೆಗೆ ಗಣಿತದಲ್ಲಿ ಪಾಸಾದವರೆಲ್ಲ ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಶಿಫ್ಟ್ ಮುಗಿಸಿ, ಟ್ಯೂಷನ್ ಹುಡುಗರ ಚಪ್ಪಲಿ ದಾಟಿಕೊಂಡು ಒಳಕೋಣೆಗೆ ನುಸುಳುತ್ತಿದ್ದ ನಿರಂಜನನ ಮುಖವನ್ನು ಅವರಲ್ಲಿ ಒಬ್ಬನೂ ಸರಿಯಾಗಿ ನೋಡಿರಲಿಲ್ಲ.

ಹೀಗಿರುವಾಗ ದಕ್ಷಿಣಾಮೂರ್ತಿಯ ತಮ್ಮ ಬಾಬ್ಜಿ ವಿಶಾಖಪಟ್ಟಣದಲ್ಲಿ ಥಾಯ್ ಬಾಕ್ಸಿಂಗ್ ಸಂಜೆಯೊಂದನ್ನು ಏರ್ಪಡಿಸಿದ. ಅವನಿಗೆ ಅಲ್ಲಿ ಒಂದು ಜಿಮ್ ಇತ್ತು. ಥಾಯ್‌ಲ್ಯಾಂಡಿನಿಂದಲೇ ಆನೊನ್ ಎಂಬ ಬಾಕ್ಸರನನ್ನೂ ಪ್ರಸೆತ್ ಎಂಬ ಅವನ ವಯಸ್ಸಾದ ಗುರುವನ್ನೂ ಕರೆಸಿದ್ದ. ಪರೀಕ್ಷೆಯ ಕಾಲವಾದ್ದರಿಂದ ವಾಸಂತಿ ಹೊರಡಲಿಲ್ಲ. ದಕ್ಷಿಣಾಮೂರ್ತಿ, ಅವರ ಹೆಂಡತಿ ರಾಜ್ಯಶ್ರೀ ಮತ್ತು ಲಗೇಜು ಹೊರುವುದಕ್ಕೆ ಅನುಕೂಲವಾಗಲೆಂದು ನಿರಂಜನ, ಮೂವರೂ ರೈಲು ಹತ್ತಿದರು.

ಏಲೂರು ದಾಟುವಷ್ಟರಲ್ಲಿ ನಿರಂಜನ ಮೊಬೈಲಿನಲ್ಲಿ ಥಾಯ್ ಬಾಕ್ಸಿಂಗಿನ ಒಂದೂವರೆ ವಿಡಿಯೋ ನೋಡಿದ. ರಾಜಮಂಡ್ರಿ ಬರುವಷ್ಟರಲ್ಲಿ ಆ ವಿದ್ಯೆಯ ಬಗ್ಗೆ ಎದುರು ಸೀಟಿನವರಿಗೆ ಉಪನ್ಯಾಸ ಶುರುಮಾಡಿದ್ದ.

"ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮೊಣಕಾಲು, ಎರಡು ಪಾದ. ಒಟ್ಟು ಎಂಟು ಅಂಗ. ನಮ್ಮ ಸಾಷ್ಟಾಂಗ ನಮಸ್ಕಾರಕ್ಕೂ ಎಂಟೇ ಅಂಗ. ಇದರರ್ಥ ಏನು? ವಿದ್ಯೆ ನಮ್ಮ ಕಡೆಯಿಂದಲೇ ಹೋಗಿದೆ."

ಎದುರಿನವರು ಭಕ್ತಿಯಿಂದ ಕೇಳಿದರು, "ಮೀರು ಕೋಚಾ ಅಂಡಿ?"

ನಿರಂಜನ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಮುಗುಳ್ನಕ್ಕ. ಮುಂದೆ ಆದದ್ದಕ್ಕೆಲ್ಲ ಈ ಮುಗುಳ್ನಗೆಯೇ ಕಾರಣವೆಂದು ತಿಳಿದವರು ಹೇಳುತ್ತಾರೆ.

ವಿಶಾಖಪಟ್ಟಣದಲ್ಲಿ ಬಾಬ್ಜಿಯ ಮನೆಯಲ್ಲಿ ಅತಿಥಿಗಳಿಗೆ ಊಟ. ಥಾಯ್‌ಲ್ಯಾಂಡಿನವರೂ ಖಾರಕ್ಕೆ ಹೆಸರಾದವರು ಎಂದು ಯಾರೋ ಅಂದದ್ದು ದಕ್ಷಿಣಾಮೂರ್ತಿಯ ಕಿವಿಗೆ ಬಿತ್ತು. ಮೆಣಸಿನಕಾಯಿ ವ್ಯಾಪಾರಿ ಕೇಳಿಸಿಕೊಂಡು ಸುಮ್ಮನಿರುವ ಮಾತೇ ಅದು? ತಮ್ಮ ಗೋದಾಮಿನ ಸರಕಿನಿಂದಲೇ ಮಾಡಿಸಿ ತಂದಿದ್ದ ಹಣ್ಣುಮೆಣಸಿನಕಾಯಿ ಚಟ್ನಿಯ ಜಾಡಿಯನ್ನು ಎಲೆಯ ಪಕ್ಕದಲ್ಲಿ ಕುಕ್ಕಿದರು. ಆನೊನ್ ಸಂಜೆ ಆಡಬೇಕಾದವನು, ಕೈಮುಗಿದು ತಪ್ಪಿಸಿಕೊಂಡ. ಮುದಿ ಗುರು ಮಾತ್ರ ತನ್ನ ದೇಶದ ಮರ್ಯಾದೆಯ ಪ್ರಶ್ನೆಯೆಂದು ತಿಳಿದು, ನಗುನಗುತ್ತಲೇ ಬಡಿಸಿದಷ್ಟನ್ನೂ ಅನ್ನಕ್ಕೆ ಕಲಸಿಕೊಂಡು ತಿಂದ. ಸಂಜೆಯ ಹೊತ್ತಿಗೆ ದೇಶದ ಮರ್ಯಾದೆ ಉಳಿದಿತ್ತು. ಗುರು ಬಚ್ಚಲಮನೆಯಲ್ಲಿದ್ದ.

ಪಂದ್ಯದ ಸಭಾಂಗಣ ಜನರಿಂದ ತುಂಬಿ ತುಳುಕುತ್ತಿತ್ತು. ನಿರಂಜನನಿಗೆ ಸೊಂಟನೋವು. ರಿಂಗಿನ ಒಂದು ಮೂಲೆಗೆ ಒತ್ತಿಕೊಂಡಂತೆ ಒಂದೇ ಒಂದು ಕುರ್ಚಿ ಖಾಲಿ ಇತ್ತು. ಉಳಿದವೆಲ್ಲ ಬರೀ ಪ್ಲಾಸ್ಟಿಕ್ ಕುರ್ಚಿಗಳು, ಅದಕ್ಕೆ ಮಾತ್ರ ಮೆತ್ತೆ. ಇಂಥ ಕುರ್ಚಿ ಯಾಕೆ ಖಾಲಿ ಇದೆ ಎಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು. ನಿರಂಜನ ಕೂತ.

ವಾದ್ಯ ಶುರುವಾಯಿತು. ಒಂದು ಪೀಪಿ, ಎರಡು ಡೋಲು, ತಾಳ. ಕಣ್ಣು ಮುಚ್ಚಿದರೆ ನಮ್ಮೂರಿನ ಓಲಗವೇ. ಆನೊನ್ ರಿಂಗಿಗೆ ಬಂದ. ಕೊರಳಲ್ಲಿ ಹೂವಿನ ಹಾರ, ತಲೆಯ ಮೇಲೆ ಹೊಸೆದ ಹಗ್ಗದ ಒಂದು ಬಳೆ, ಹಿಂದೆ ಇಳಿಬಿದ್ದ ಕುಚ್ಚು. ಅದನ್ನು ಅವರು ಮೊಂಗ್‌ಕೊನ್ ಎನ್ನುತ್ತಾರೆ. ನಿರಂಜನನ ಕಣ್ಣಿಗೆ ಅದು ಅರ್ಧ ಬಾಸಿಂಗದಂತೆಯೂ ಅರ್ಧ ಕೊಡ ಹೊರುವ ಸಿಂಬಿಯಂತೆಯೂ ಕಂಡಿತು. ಹುಡುಗ ಮೆಲ್ಲಗೆ ಕುಣಿಯುತ್ತ ನಾಲ್ಕೂ ಮೂಲೆ ಸುತ್ತಿ, ಕಡೆಗೆ ನಿರಂಜನನ ಮೂಲೆಗೆ ಬಂದು, ಕಣ್ಣು ಮುಚ್ಚಿಕೊಂಡೇ ಮಂಡಿಯೂರಿ, ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿ, ರಿಂಗಿನ ಹಗ್ಗದ ಮೇಲಿಂದ ತಲೆ ಬಗ್ಗಿಸಿ ನಿಂತ.

ಇಲ್ಲಿ ನಿರಂಜನನ ಪರವಾಗಿ ಒಂದು ಮಾತು ಹೇಳಲೇಬೇಕು. ಓಲಗ ಊದುತ್ತಿರುವಾಗ ಹಾರ ಹಾಕಿಕೊಂಡ ಹುಡುಗನೊಬ್ಬ ಬಂದು ಕಾಲಿಗೆ ಬಿದ್ದರೆ ನಮ್ಮ ಕಡೆಯ ಹಿರಿಯರು ಏನು ಮಾಡುತ್ತಾರೆ? ನಿರಂಜನನೂ ಅದನ್ನೇ ಮಾಡಿದ. ಎದ್ದುನಿಂತು, ಎರಡೂ ಕೈಯನ್ನು ಹುಡುಗನ ತಲೆಯ ಮೇಲಿಟ್ಟು, "ದೀರ್ಘಾಯುಷ್ಮಾನ್ ಭವ" ಎಂದು ಹರಸಿದ. ಕೈ ತೆಗೆಯುವಾಗ ಅವನ ಮದುವೆಯ ಉಂಗುರಕ್ಕೆ ಕುಚ್ಚಿನ ದಾರ ಸಿಕ್ಕಿಕೊಂಡು, ಸಿಂಬಿ ಹಾಗೇ ಕೈಗೆ ಬಂದುಬಿಟ್ಟಿತು.

ಥಾಯ್ ಪದ್ಧತಿಯ ಪ್ರಕಾರ ಬಾಕ್ಸರನ ತಲೆಯನ್ನು ಕಂಡಕಂಡವರು ಮುಟ್ಟುವಂತಿಲ್ಲ. ಸಿಂಬಿಯನ್ನು ಗುರುವೇ ಇಳಿಸಬೇಕು. ಇಳಿಸಿದ ಮೇಲೆಯೇ ಗಂಟೆ, ಗಂಟೆಯ ಮೇಲೆಯೇ ಕಾಳಗ. ಗಂಟೆಯವನು ಸಿಂಬಿ ಇಳಿದದ್ದನ್ನು ನೋಡಿದ, ಬಾರಿಸಿದ. ಎದುರಾಳಿ ತೇಜ ಎಂಬ ಹುಡುಗ, ಕೊಂಡಪಲ್ಲಿಯವನು, ಬಾಬ್ಜಿಯ ಶಿಷ್ಯ. ಅವನು ಇನ್ನೂ ಉಸಿರು ಎಳೆದುಕೊಳ್ಳುತ್ತಿರುವಾಗಲೇ ಆನೊನನ ಮೊಣಕಾಲು ಬಂದು ಪಕ್ಕೆಗೆ ತಾಗಿತು. ತೇಜ ಮಲಗಿದ. ಇಡೀ ಸಭೆ ಎದ್ದು ನಿಂತಿತು.

ಬಾಬ್ಜಿ ಮೈಕು ಹಿಡಿದುಕೊಂಡು ಬೆವರುತ್ತಿದ್ದ. ಹಣ ಕೊಟ್ಟು ಬಂದ ಜನ, ಬಚ್ಚಲಲ್ಲಿರುವ ಗುರು, ಮೆತ್ತೆಯ ಕುರ್ಚಿಯ ಮುಂದೆ ಸಿಂಬಿ ಹಿಡಿದು ನಿಂತಿರುವ ಅಣ್ಣನ ಷಡ್ಡಕ. ಒಂದು ಕ್ಷಣ ಯೋಚಿಸಿ ಅವನು ಕೂಗಿದ.

"ಸಿಂಬಿ ಇಳಿಸಿದವರೇ ಗುರು! ಈ ಗೆಲುವಿನ ಹಿಂದಿರೋ ಗುರುಗಳು, ಥಾಯ್ ಬಾಕ್ಸಿಂಗ್ ಆಚಾರ್ಯ, ನಮ್ಮ ವಿಜಯವಾಡದ ನಿರಂಜನ್ ಗಾರು!"

ಧ್ವನಿವರ್ಧಕದಲ್ಲಿ ತನ್ನ ಹೆಸರು! ನಿರಂಜನನಿಗೆ ಮೈ ಜುಂ ಎಂದಿತು. ಅಷ್ಟು ಸಾಲದೆಂಬಂತೆ ಹಿಂದಿನ ಸಾಲಿನಲ್ಲಿ ಯಾರೋ "ಆಯನ ಎವರಂಡಿ?" ಎಂದು ಕೇಳಿದ್ದಕ್ಕೆ ದಕ್ಷಿಣಾಮೂರ್ತಿಯ ದೊಡ್ಡ ಗಂಟಲು ಹೇಳಿದ್ದು ಕೇಳಿಸಿತು, "ನಿರಂಜನ್ ಗಾರು ಅಂಡಿ! ನಾನು ಅವರ ಷಡ್ಡಕ!"

ನಿರಂಜನನ ಕಣ್ಣು ತುಂಬಿ ಬಂತು. ನಿಜ ಹೇಳುವುದಕ್ಕೆ ಅದು ಸರಿಯಾದ ಸಮಯವಾಗಿತ್ತು. ಅವನು ಹೇಳಲಿಲ್ಲ.

ವಿಜಯವಾಡಕ್ಕೆ ಅವನಿಗಿಂತ ಮೊದಲು ವಿಡಿಯೋ ತಲುಪಿತ್ತು. ಮರುದಿನ ಪ್ಲಾಂಟಿನ ಗೇಟಿನಲ್ಲಿ, ಇಪ್ಪತ್ತು ವರ್ಷದಿಂದ ದಿನಾ ಗುರುತಿನ ಚೀಟಿ ಕೇಳುತ್ತಿದ್ದ ಸೆಕ್ಯೂರಿಟಿಯವನು ಸೆಲ್ಯೂಟ್ ಹೊಡೆದ. ಚೀಫ್ ಎಂಜಿನಿಯರ್ ರಾಮ್‌ಪ್ರಸಾದ್ ಕೋಣೆಗೆ ಕರೆಸಿ, ಬಾಗಿಲು ಹಾಕಿ, "ಕಾಂಟ್ರಾಕ್ಟರುಗಳ ಮೀಟಿಂಗಿದೆ. ನೀವು ಏನೂ ಮಾತಾಡಬೇಡಿ. ಸುಮ್ನೆ ನನ್ನ ಹಿಂದೆ ಕೈ ಕಟ್ಕೊಂಡು ನಿಂತ್ಕೊಳ್ಳಿ" ಎಂದರು. ನಿರಂಜನ ನಿಂತ. ಕಾಂಟ್ರಾಕ್ಟರುಗಳು ಯಾವತ್ತೂ ಇಲ್ಲದಷ್ಟು ವಿನಯದಿಂದ ಕಾಫಿ ಕುಡಿದು ಹೋದರು.

ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮ ತಮ್ಮ ಅಳಿಯನನ್ನು ಕರೆತಂದು, "ತಲೆ ಮೇಲೆ ಕೈ ಇಡಿ ಬಾಬೂ, ಇವನಿಗೆ ಪ್ರಮೋಷನ್ ನಿಂತಿದೆ" ಎಂದರು. ಅಳಿಯನಿಗೆ ಅದೇ ವಾರ ಪ್ರಮೋಷನ್ ಆಗಿಬಿಟ್ಟಿತು. ಅಲ್ಲಿಂದ ಮುಂದೆ ತಡೆಯೇ ಇರಲಿಲ್ಲ. ಬಾಯ್ಲರ್ ವಿಭಾಗದ ಕೆಲಸಗಾರರು ಶಿಫ್ಟಿಗೆ ಮುಂಚೆ ಸಾಲಾಗಿ ಬಂದು ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ನಿರಂಜನ ಗಂಭೀರವಾಗಿ ಒಬ್ಬೊಬ್ಬರ ಹೆಲ್ಮೆಟ್ಟನ್ನೂ ಎರಡು ಕೈಯಲ್ಲಿ ಇಳಿಸಿ, ಹರಸಿ ಕಳಿಸುತ್ತಿದ್ದ.

ಸೇಫ್ಟಿ ಆಫೀಸರ್ ಚರಣ್ ಓಡಿ ಬಂದ. "ಸಾರ್, ಪ್ಲಾಂಟಿನೊಳಗೆ ಹೆಲ್ಮೆಟ್ ತೆಗೆಯೋದು ಅಪರಾಧ ಸಾರ್! ನೀವು ದಿನಾ ಇಡೀ ಶಿಫ್ಟಿನ ಹೆಲ್ಮೆಟ್ ತೆಗೀತಿದೀರ!"

"ತೆಗೆದು ಮತ್ತೆ ಹಾಕ್ತಾ ಇದೀನಲ್ಲಪ್ಪ. ಆಶೀರ್ವಾದ ಪ್ಲಾಸ್ಟಿಕ್ ದಾಟಿ ಒಳಗೆ ಹೋಗಲ್ಲ" ಎಂದ ನಿರಂಜನ. ಚರಣ್ ಸುತ್ತ ನೋಡಿ, ಹೆಲ್ಮೆಟ್ ಹಾಕಿದ ತನ್ನ ತಲೆಯನ್ನೂ ಬಗ್ಗಿಸಿದ.

ವಾಸಂತಿಗೆ ಮಾತ್ರ ನಂಬಿಕೆ ಬರಲಿಲ್ಲ. "ರೀ, ನಿಮಗೆ ಸೊಳ್ಳೆ ಹೊಡೆಯೋಕೂ ಬರಲ್ಲ."

"ಗುರುವಾದವನು ಹೊಡೀಬಾರದು ಕಣೇ. ಹೊಡೆಸ್ಬೇಕು."

ಎಲ್ಲವೂ ಹೀಗೆಯೇ ನಡೆದಿದ್ದರೆ ನಿರಂಜನ ಸುಖವಾಗಿ ನಿವೃತ್ತನಾಗುತ್ತಿದ್ದ. ಆದರೆ ಬಾಬ್ಜಿ ಎರಡನೆಯ ಪಂದ್ಯವನ್ನು ವಿಜಯವಾಡದಲ್ಲೇ ಇಟ್ಟ. ಅದೇ ಆನೊನ್, ಅದೇ ತೇಜ. ದಕ್ಷಿಣಾಮೂರ್ತಿ ಒನ್ ಟೌನಿನ ತುಂಬ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಆನೊನನ ಭಾವಚಿತ್ರ ಚಿಕ್ಕದು, ನಿರಂಜನನದು ದೊಡ್ಡದು, "ಗುರುಗಳ ಷಡ್ಡಕ, ಮೆಣಸಿನಕಾಯಿ ವರ್ತಕರು" ಎಂದು ಕೈಮುಗಿದ ದಕ್ಷಿಣಾಮೂರ್ತಿಯದು ಎಲ್ಲಕ್ಕಿಂತ ದೊಡ್ಡದು. ಕೆಳಗೆ ಒಂದು ಸಾಲು: ಶಿಷ್ಯನ ಕಾಳಗಕ್ಕೆ ಮೊದಲು ಗುರುಗಳೇ ಖುದ್ದಾಗಿ ರಿಂಗಿನಲ್ಲಿ ಗುರುವಂದನೆಯ ನೃತ್ಯ ಮಾಡುವರು.

"ಈಗ್ಲಾದ್ರೂ ಭಾವನಿಗೆ ನಿಜ ಹೇಳ್ಬಿಡಿ" ಎಂದಳು ವಾಸಂತಿ. ಅವಳು ಹಳೆಯ ರೇಷ್ಮೆ ಸೀರೆಯ ಅಂಚನ್ನು ಹೊಸೆದು ಅವನಿಗೊಂದು ಸಿಂಬಿ ಹೊಲಿಯುತ್ತಿದ್ದಳು. ಬಯ್ಯುತ್ತಲೇ ಹೊಲಿಯುತ್ತಿದ್ದಳು.

"ಹೇಳಿದ್ರೆ ನಾನು ಮತ್ತೆ ಯಾರಾಗ್ತೀನಿ ಗೊತ್ತಲ್ಲ?"

"ಯಾರಾಗ್ತೀರ?"

"ವಾಸಂತಿ ಯಜಮಾನರು."

ವಾಸಂತಿಯ ಸೂಜಿ ನಿಂತಿತು. "ಅಷ್ಟು ಕೆಟ್ಟ ಕೆಲಸವೇನ್ರೀ ಅದು?" ಎಂದಳು. ಧ್ವನಿ ಸಣ್ಣಗಿತ್ತು. ಆದರೆ ಫ್ಲೆಕ್ಸ್ ಆಗಲೇ ಕಟ್ಟಿಯಾಗಿತ್ತು.

ನೃತ್ಯ ಕಲಿಸುವವರು ಯಾರು? ಮನೆಯ ಷೋಕೇಸಿನಲ್ಲಿ ಕೊಂಡಪಲ್ಲಿಯ ಮರದ ಗೊಂಬೆಯೊಂದಿತ್ತು. ಮುಟ್ಟಿದರೆ ತಲೆ ಒಂದು ಕಡೆ, ಸೊಂಟ ಒಂದು ಕಡೆ, ಲಂಗ ಇನ್ನೊಂದು ಕಡೆ ಆಡುವ ನರ್ತಕಿ. ನಿರಂಜನ ಅದನ್ನು ಮೇಜಿನ ಮೇಲಿಟ್ಟು ತಟ್ಟುತ್ತಿದ್ದ. ಅದು ಆಡಿದಂತೆ ತಾನೂ ಆಡುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಗೊಂಬೆಗಿಂತ ತಾನೇ ಚೆನ್ನಾಗಿ ಆಡುತ್ತೇನೆಂಬ ಅಭಿಪ್ರಾಯಕ್ಕೆ ಬಂದ.

ಪಂದ್ಯದ ಸಂಜೆ ಬಂತು. ಒನ್ ಟೌನಿನ ವರ್ತಕರು, ಟೌನ್‌ಶಿಪ್ಪಿನವರು, ಬಾಯ್ಲರ್ ವಿಭಾಗದವರು ಹೆಲ್ಮೆಟ್ ಸಮೇತ ಬಂದಿದ್ದರು. ವಾಸಂತಿ ಮೂರನೆಯ ಸಾಲಿನಲ್ಲಿ ತುಟಿ ಬಿಗಿದು ಕೂತಿದ್ದಳು. ಗುರುಗಳ ನೃತ್ಯ ಮುಗಿಯಲೆಂದು ಆನೊನ್ ಇನ್ನೂ ಒಳಗೇ ಇದ್ದ. ಕೆಂಪು ಮೂಲೆಯಲ್ಲಿ ತೇಜ. ಅವನು ವಿಶಾಖಪಟ್ಟಣದ ಸೋಲನ್ನು ಮರೆತಿರಲಿಲ್ಲ. ತನ್ನನ್ನು ಮಲಗಿಸಿದ್ದು ಆನೊನನ ಮೊಣಕಾಲಲ್ಲ, ಆ ಗುರುವಿನ ಕೈಯ ಶಕ್ತಿ ಎಂದು ಅವನಿಗೆ ಖಾತ್ರಿಯಾಗಿತ್ತು.

ಪೀಪಿ ಊದಿತು. ನಿರಂಜನ ಬಿಳಿ ಬನಿಯನ್, ಕಚ್ಚೆ ಪಂಚೆ, ರೇಷ್ಮೆ ಸಿಂಬಿಯಲ್ಲಿ ರಿಂಗು ಹತ್ತಿದ. ತಲೆ ಒಂದು ಕಡೆ, ಸೊಂಟ ಒಂದು ಕಡೆ. ಜನ ಮೊದಲು ಬೆರಗಾದರು, ಆಮೇಲೆ ಚಪ್ಪಾಳೆ ತಟ್ಟಿದರು. "ಅಸಲಿ ಥಾಯ್‌ಲ್ಯಾಂಡ್ ಸ್ಟೈಲ್ ಅಂಡಿ!" ಎಂದು ದಕ್ಷಿಣಾಮೂರ್ತಿ ಅಕ್ಕಪಕ್ಕದವರಿಗೆ ವಿವರಿಸುತ್ತಿದ್ದರು. ನಿರಂಜನ ಒಂದು ಮೂಲೆ ಮುಗಿಸಿದ, ಎರಡು ಮುಗಿಸಿದ, ತೇಜನ ಮೂಲೆಯಲ್ಲಿ ಸೊಂಟವನ್ನು ಒಂದು ಸಲ ಹೆಚ್ಚಿಗೆ ಆಡಿಸಿ, ಕೊನೆಯದಾಗಿ ತನ್ನ ಮೂಲೆಗೆ ಬಂದು, ಮಂಡಿಯೂರಿ, ಮೂರು ಸಲ ನಮಸ್ಕರಿಸಿ ತಲೆಯೆತ್ತಿದ.

ಮೆತ್ತೆಯ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ.

ಪ್ರಸೆತ್ ಗುರುವಿಗೆ ಹೊಟ್ಟೆ ಸರಿಹೋಗಿತ್ತು. ಫ್ಲೆಕ್ಸ್ ಓದಲು ಅವನಿಗೆ ತೆಲುಗು ಬರುತ್ತಿರಲಿಲ್ಲ. ಸಿಂಬಿ ಧರಿಸಿದವನೊಬ್ಬ ಕುಣಿದು ಬಂದು, ಮೂರು ಸಲ ಹಣೆ ಮುಟ್ಟಿಸಿ, ತನ್ನ ಮುಂದೆ ಮಂಡಿಯೂರಿದ್ದಾನೆ. ವಯಸ್ಸು ಸ್ವಲ್ಪ ಹೆಚ್ಚೆನಿಸಿತು, ಹೊಟ್ಟೆ ಇನ್ನೂ ಹೆಚ್ಚೆನಿಸಿತು, ಆದರೆ ಭಕ್ತಿಯಲ್ಲಿ ಲೋಪವಿರಲಿಲ್ಲ. ಜೀವಮಾನವಿಡೀ ಗುರುವಾಗಿದ್ದವನು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೋ ಅದನ್ನೇ ಅವನೂ ಮಾಡಿದ. ಎದ್ದು, ಮಂತ್ರ ಹೇಳಿ, ಎರಡೂ ಕೈಯಿಂದ ಸಿಂಬಿ ಇಳಿಸಿದ.

ಗಂಟೆಯವನು ಅದನ್ನು ನೋಡಿದ. ಬಾರಿಸಿದ.

ನಿರಂಜನ ತಿರುಗಿ ನೋಡುವಷ್ಟರಲ್ಲಿ ತೇಜ ರಿಂಗಿನ ನಡುವೆ ಬಂದು ನಿಂತಿದ್ದ. ಹುಡುಗ ಸಂಸ್ಕಾರವಂತ, ಮೊದಲು ಗ್ಲೌಸು ಜೋಡಿಸಿ ನಮಸ್ಕಾರ ಮಾಡಿದ.

"ಗುರುವುಗಾರು, ಗ್ಲೌಸ್ ಲೇವಾ?"

"ಇಲ್ಲಪ್ಪ, ನಾನು..."

"ಬರಿಗೈ!" ತೇಜನ ಕಣ್ಣು ಅಗಲವಾಯಿತು. ಹಿಂದಿನ ಕಾಲದ ಮಹಾಗುರುಗಳು ಬರಿಗೈಯಲ್ಲೇ ಆಡುತ್ತಿದ್ದರೆಂದು ಬಾಬ್ಜಿ ಹೇಳಿದ್ದ. "ಕ್ಷಮಿಂಚಂಡಿ ಗುರುವುಗಾರು" ಎಂದು ತೊಡೆಗೆ ಒಂದು ಒದೆ ಕೊಟ್ಟ.

ನಿರಂಜನ ಒಂದೇ ಕಾಲಿನಲ್ಲಿ ರಿಂಗನ್ನು ಅರ್ಧ ಸುತ್ತಿದ. ಜನ ಅದನ್ನೂ ನೃತ್ಯವೆಂದೇ ತಿಳಿದು ಶಿಳ್ಳೆ ಹಾಕಿದರು. "ಕ್ಷಮಿಂಚಂಡಿ" ಎಂದು ಇನ್ನೊಂದು ಒದೆ ಬಂತು, ಅದು ತಪ್ಪಿತು. ಯಾಕೆಂದರೆ ನಿರಂಜನ ಆಗಲೇ ಮಲಗಿದ್ದ. ಎದ್ದು ಓಡಿದ. ಹಗ್ಗದ ನಡುವೆ ತೂರಲು ಹೋದರೆ ಹೊಟ್ಟೆ ಅಡ್ಡ ಬಂತು.

"ದಕ್ಷಿಣಾಮೂರ್ತಿಯವ್ರೇ! ನಿಲ್ಸಿ ಅನ್ನಿ!" ಎಂದು ಕೂಗಿದ.

ದಕ್ಷಿಣಾಮೂರ್ತಿ ಹೆಮ್ಮೆಯಿಂದ ಕೈಯೆತ್ತಿದರು. "ಬಿಡಬೇಡಿ ನಿರಂಜನ್ ಗಾರೂ! ತೋರಿಸಿ ನಿಮ್ಮ ವಿದ್ಯೆ!"

ಬಾಳಿನಲ್ಲಿ ಎಷ್ಟು ಕಾದಿದ್ದನೋ ಆ ಹೆಸರಿಗೆ! ಈಗ ಇಡೀ ಸಭೆ ಅದನ್ನೇ ಕೂಗುತ್ತಿತ್ತು. ನಿ-ರಂ-ಜನ್, ನಿ-ರಂ-ಜನ್. ಪ್ರತಿ ಕೂಗಿಗೂ ತೇಜ ಒಂದು ಹೆಜ್ಜೆ ಹತ್ತಿರ ಬರುತ್ತಿದ್ದ. ಮೂಲೆಗೆ ಸಿಕ್ಕಿಬಿದ್ದ ನಿರಂಜನ ತೇಜನ ಕಾಲು ಮೇಲೇರುವುದನ್ನು ನೋಡಿದ. ಕಣ್ಣು ಮುಚ್ಚಿದ. ಹೊಟ್ಟೆಯಾಳದಿಂದ ಒಂದೇ ಒಂದು ಸತ್ಯ ಎದ್ದು ಬಂತು.

"ಅಯ್ಯೋ! ನಾನು ಗುರು ಅಲ್ಲಪ್ಪೋ! ನಾನು ವಾಸಂತಿ ಯಜಮಾನ!"

ಕಾಲು ಗಾಳಿಯಲ್ಲೇ ನಿಂತಿತು.

"ಯಾವ ವಾಸಂತಿ? ಲೆಕ್ಕಲ ವಾಸಂತಿ ಮೇಡಮಾ?" ತೇಜ ಕಾಲು ಎತ್ತಿಕೊಂಡೇ ಕೇಳಿದ.

"ಅವಳೇ! ಲೆಕ್ಕದವಳೇ!"

ಮೂರನೆಯ ಸಾಲಿನಿಂದ ವಾಸಂತಿ ಎದ್ದುನಿಂತಳು. ಮೈಕು ಬೇಕಾಗಲಿಲ್ಲ. "ತೇಜಾ! ಕಾಲು ಇಳಿಸು!"

ಆರು ಅಡಿ ಹುಡುಗ ಕಾಲು ಇಳಿಸಿ, ಗ್ಲೌಸು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತ. "ಸಾರೀ ಮೇಡಂ. ಸಾರ್ ಅಂತ ಗೊತ್ತಾಗಲಿಲ್ಲ ಮೇಡಂ" ಎಂದು ಅಳುವಂತಾದ. ಸಭೆಯಲ್ಲಿ ಅಲ್ಲಲ್ಲಿ ಕೂತಿದ್ದ ಹಳೆಯ ಟ್ಯೂಷನ್ ಹುಡುಗರೂ, ತಮ್ಮ ತಪ್ಪೇನೂ ಇಲ್ಲದಿದ್ದರೂ, ಎದ್ದುನಿಂತರು. ವಾಸಂತಿ ಸೆರಗು ಸಿಕ್ಕಿಸಿ ರಿಂಗು ಹತ್ತಿ, ಗಂಡನ ರಟ್ಟೆ ಹಿಡಿದು ನಿಲ್ಲಿಸಿದಳು. ಯಾರ ಕೈ ಎತ್ತಬೇಕೆಂದು ತಿಳಿಯದ ರೆಫರಿ ಸ್ವಲ್ಪ ಹೊತ್ತು ಯೋಚಿಸಿ ಅವಳ ಕೈಯನ್ನೇ ಎತ್ತಿದ. ಮುದಿ ಗುರು ಮೆತ್ತೆಯ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ.

ಆಟೋದಲ್ಲಿ ಮನೆಗೆ ಬರುವಾಗ ನಿರಂಜನ ತೊಡೆ ಒತ್ತಿಕೊಳ್ಳುತ್ತ ಹೇಳಿದ. "ಕೆಟ್ಟ ಕೆಲಸವೇನಲ್ಲ ಕಣೇ ಅದು."

"ಯಾವುದು?"

"ಅದೇ. ನೀನು ಅವತ್ತು ಸಿಂಬಿ ಹೊಲಿಯುವಾಗ ಕೇಳಿದ್ದು."

ವಾಸಂತಿ ಹೊರಗೆ ನೋಡುತ್ತ ನಕ್ಕಳು. ಮುಲಾಮು ಹಚ್ಚುವಾಗ ಮಾತ್ರ ಬೇಕೆಂದೇ ಸ್ವಲ್ಪ ಜೋರಾಗಿ ತಿಕ್ಕಿದಳು.

ತಿಂಗಳಾದ ಮೇಲೆ ಒನ್ ಟೌನಿನಲ್ಲೊಂದು ಮದುವೆ. ಫ್ಲೆಕ್ಸಿನ ನಾಚಿಕೆ ಇನ್ನೂ ಹೋಗದ ದಕ್ಷಿಣಾಮೂರ್ತಿ, ಮಾಡಿದ ತಪ್ಪಿಗೆ ಪರಿಹಾರವೆಂಬಂತೆ ನಿರಂಜನನ ಹೆಗಲು ಹಿಡಿದು, ಹೆಣ್ಣಿನ ಕಡೆಯ ಹಿರಿಯರೊಬ್ಬರ ಮುಂದೆ ನಿಲ್ಲಿಸಿ, ಒಂದೊಂದು ಅಕ್ಷರವನ್ನೂ ತೂಗಿ ಹೇಳಿದರು, "ಈಯನ ಶ್ರೀ ನಿರಂಜನ್ ಗಾರು ಅಂಡಿ."

ಹಿರಿಯರು ಸೌಜನ್ಯಕ್ಕೆ ತಲೆಯಾಡಿಸಿ ಬೇರೆ ಕಡೆ ನೋಡಿದರು.

ನಿರಂಜನ ಎದೆ ಮುಂದೆ ಮಾಡಿ ಕೈಮುಗಿದ. "ವಾಸಂತಿ ಮೇಡಂ ಯಜಮಾನರು."

"ಅಯ್ಯೋ, ಮೇಡಂ ಯಜಮಾನರಾ! ಮೊದಲೇ ಹೇಳಬಾರದಾ!" ಹಿರಿಯರು ಎದ್ದೇ ಬಿಟ್ಟರು. "ನಮ್ಮ ಮಗ ಪಾಸಾದದ್ದೇ ಅವರಿಂದ. ಕೂತ್ಕೊಳ್ಳಿ ಸಾರ್, ಇಲ್ಲಿ ಕೂತ್ಕೊಳ್ಳಿ."

ಅವರು ತೋರಿಸಿದ ಕುರ್ಚಿಗೆ ಮೆತ್ತೆ ಇತ್ತು. ನಿರಂಜನ ಅದನ್ನೊಮ್ಮೆ ನೋಡಿ, ಪಕ್ಕದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ.